ಸಣ್ಣ ಊರಿನ ಕಾಲ್ಚೆಂಡು ತಂಡ ಉಳಿಯಬಲ್ಲುದೆ?

"ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ" ಎಂದು ನಮ್ಮ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಆಟದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಈ ದೊಡ್ಡಪ್ಪನ ಮನೆಯಲ್ಲಿ ಆಟವನ್ನು ಹೇಳದೆ ಕೇಳದೆ ಊರು ಬಿಟ್ಟು ಹೋದ ಹುಡುಗನೆಂದು ಕರೆಯುತ್ತಿದ್ದರೋ ಏನೋ! ನಮ್ಮ ಮನೆಯಲ್ಲಂತೂ ಅದಕ್ಕೆ ಇರುವ ಮರ್ಯಾದೆ ಅಷ್ಟೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಓದಲು ಹೋದ ಮಗ ಸಂಜೆ ಮೊಣಕಾಲು ತರಚಿಕೊಂಡು ಮನೆಗೆ ಬಂದರೆ ಯಾವ ತಾಯಿ ಸುಮ್ಮನಿದ್ದಾಳು? "ಅದ್ರಲ್ಲಿ ಏನ್ ಸಿಕ್ತದಪ್ಪ ನಿಂಗೆ?" ಎಂದು ಅವ್ವ ಮೂರು ವರ್ಷವೂ ಕೇಳಿದಳು. ಮೂರು ವರ್ಷವೂ ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ಈಗ ಕಾಲೇಜು ಬಿಡುವ ಹೊತ್ತಿನಲ್ಲಿ ಉತ್ತರ ಹುಡುಕುವ ಮನಸ್ಸಾಗಿದೆ. ಪೂಜ್ಯ ಉಪನ್ಯಾಸಕರೂ ಸಹಪಾಠಿ ಮಿತ್ರರೂ ನನ್ನ ಈ ಸಾಹಸವನ್ನು ಮನ್ನಿಸಬೇಕು.

ಉತ್ತರ ಹುಡುಕುವಂತೆ ಮಾಡಿದವನು ನನಗಿಂತ ಒಂದು ವರ್ಷ ಹಿರಿಯನಾದ ಗೆಳೆಯ. ಅರಕಲಗೂಡಿನ ಕಡೆಯವನು, ಹೊಗೆಸೊಪ್ಪು ಬೆಳೆಯುವವರ ಮಗ. ಗೋಲುಕಂಬಗಳ ನಡುವೆ ಅವನು ನಿಂತರೆ ಎದುರಾಳಿಗಳಿಗೆ ಗೋಡೆ ಕಂಡಂತೆ ಆಗುತ್ತಿತ್ತು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದ. ಅಲ್ಲಿ ಒಂದು ಸಣ್ಣ ತಂಡದವರು ಆಟ ನೋಡಿ, ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಕೊಡುವುದಾಗಿ ಸೇರಿಸಿಕೊಂಡರು. ಐದು ತಿಂಗಳು ಆಡಿದ. ಸಂಬಳ ಬಂದದ್ದು ಎರಡು ತಿಂಗಳದು. ಆಮೇಲೆ ಹಣ ಹಾಕುತ್ತಿದ್ದವರು ಕೈಬಿಟ್ಟರು, ತಂಡವೇ ಇಲ್ಲವಾಯಿತು. ಈಗ ಅವನು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಳೆದ ತಿಂಗಳು ಅಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದ. ಟೀ ಕುಡಿಸಿ ಕೇಳಿದ: "ನೀನು ಎಕನಾಮಿಕ್ಸ್ ಓದ್ದೋನು ಕಣ್ಲಾ, ಹೇಳು ನೋಡಾನ. ಟೀಮು ಮುಳುಗಿದ್ದು ನಾನು ಗೋಲು ಬಿಟ್ಟಿದ್ದಕ್ಕಾ?"

ಅವನು ನಗುತ್ತಲೇ ಕೇಳಿದ. ನನಗೆ ನಗು ಬರಲಿಲ್ಲ.

ಅವನದು ಸಣ್ಣ ತಂಡ, ಮುಳುಗಿತು, ದೊಡ್ಡ ತಂಡವಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಮ್ಮ ರಾಜ್ಯದ ದೊಡ್ಡ ತಂಡದ ಕಥೆಯನ್ನೇ ನೋಡೋಣ. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ, ಜೆ.ಎಸ್.ಡಬ್ಲ್ಯು. ಎಂಬ ದೊಡ್ಡ ಉದ್ಯಮ ಸಮೂಹ ಅದರ ಒಡೆಯ. ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ನಡೆಯಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ, 2022ರಲ್ಲಿ ಡ್ಯುರಾಂಡ್ ಕಪ್ಪನ್ನೂ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ಕನ್ನಡದ ಕೂಗು ಕೇಳುವಂತೆ ಮಾಡಿತು. ಇಂಥ ತಂಡವೇ 2025ರ ಆಗಸ್ಟಿನಲ್ಲಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಆಟಗಾರರು ಸೋತಿದ್ದರೆ? ಇಲ್ಲ, ಅದಕ್ಕೆ ಕೆಲವೇ ತಿಂಗಳ ಹಿಂದೆ ಅವರು ಲೀಗಿನ ಅಂತಿಮ ಪಂದ್ಯ ಆಡಿದ್ದರು.

ಆದದ್ದು ಇಷ್ಟು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು 2010ರಲ್ಲಿ ಆಟದ ವ್ಯಾಪಾರದ ಹಕ್ಕುಗಳನ್ನು ಹದಿನೈದು ವರ್ಷದ ಮಟ್ಟಿಗೆ ಒಂದು ಖಾಸಗಿ ಸಂಸ್ಥೆಗೆ ಒಪ್ಪಿಸಿತ್ತು. ಆ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ಇತ್ಯರ್ಥವಾಗದ ಕಾರಣ ಜುಲೈ ತಿಂಗಳಲ್ಲೇ ಲೀಗನ್ನು ತಡೆಹಿಡಿದರು. ಅನಂತರ ಹಕ್ಕುಗಳಿಗಾಗಿ ಟೆಂಡರು ಕರೆದರೆ ಒಬ್ಬನೇ ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ 2026ರ ಫೆಬ್ರುವರಿ 14ರಂದು, ಪಂದ್ಯಗಳನ್ನು ಮೊಟಕುಮಾಡಿ, ಹೇಗೋ ಆಟ ಆರಂಭವಾಯಿತು. ಅಂದರೆ ಹದಿನಾಲ್ಕು ತಂಡಗಳ ನೂರಾರು ಜನರ ಅನ್ನ ಒಂದು ಕಾಗದದ ಮೇಲೆ ನಿಂತಿತ್ತು. ಕಾಗದದ ವಾಯಿದೆ ತೀರುತ್ತಲೇ ಅನ್ನದ ವಾಯಿದೆಯೂ ತೀರಿತು. ಗೆಳೆಯನ ಸಣ್ಣ ತಂಡಕ್ಕೂ ಈ ದೊಡ್ಡ ತಂಡಕ್ಕೂ ಮೊತ್ತದಲ್ಲಿ ಭೇದವೇ ಹೊರತು ರೋಗದಲ್ಲಿ ಭೇದವಿಲ್ಲ.

ಹಿಂದೆ ನಮ್ಮಲ್ಲಿ ಬೇರೆ ಪದ್ಧತಿಯಿತ್ತು. ಹಳೆಯ ಮೈಸೂರು ಸೀಮೆಯ ಕಾಲ್ಚೆಂಡು ಕಡಮೆಯದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1968-69ರವರೆಗೆ ನಾಲ್ಕು ಸಲ ಗೆದ್ದಿತ್ತು. ಐದನೆಯ ಸಲ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ಆ ಹಿಂದಿನ ಕಾಲದಲ್ಲಿ ಹೆಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಬೆಳಿಗ್ಗೆ ಕೆಲಸ, ಸಂಜೆ ಆಟ. ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ವೈಭವವಿಲ್ಲದಿದ್ದರೂ ಭದ್ರತೆಯಿದ್ದ ಪದ್ಧತಿ ಅದು. ಕಾರ್ಖಾನೆಗಳೇ ಬಡವಾದಾಗ ಅದೂ ಸೊರಗಿತು. ಅದನ್ನು ನೆನೆದು ನಿಟ್ಟುಸಿರು ಬಿಟ್ಟರೆ ಫಲವಿಲ್ಲ.

ಸಣ್ಣ ಊರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ಜಲಂಧರ್ ಎಂಬ ಹೆಸರು ಗೊತ್ತು. ಮುಂಗಾರಿಗೆ ಮುಂಚೆ ಬಿತ್ತನೆ ಗಡ್ಡೆ ಲಾರಿಗಳಲ್ಲಿ ಬಂದು ಹಾಸನದ ಮಾರುಕಟ್ಟೆಯಲ್ಲಿ ಇಳಿಯುವುದು ಅಲ್ಲಿಂದಲೇ. ಆ ಜಲಂಧರಿಗೆ ಸಮೀಪದಲ್ಲಿ ಫಗ್ವಾರ ಎಂಬ ಪೇಟೆಯಿದೆ. ಅಲ್ಲಿನ ಬಟ್ಟೆ ಗಿರಣಿ ಜೆ.ಸಿ.ಟಿ.ಯವರು 1971ರಲ್ಲಿ ಒಂದು ಕಾಲ್ಚೆಂಡು ತಂಡ ಕಟ್ಟಿದರು. ಕಲ್ಕತ್ತ, ಗೋವೆಗಳ ಹೆಸರಾಂತ ತಂಡಗಳನ್ನು ಹಿಂದೆ ಹಾಕಿ, ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು 1996-97ರಲ್ಲಿ ಗೆದ್ದದ್ದು ಈ ಗಿರಣಿ ಪೇಟೆಯ ತಂಡ! ಬೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಅದರ ಅಂಗಿ ತೊಟ್ಟು ಆಡಿದವರು. 2011ರಲ್ಲಿ ಗಿರಣಿಯವರು ಈ ಆಟದಿಂದ ನಮಗೆ ಪ್ರಯೋಜನವಿಲ್ಲವೆಂದು ತಂಡವನ್ನು ವಿಸರ್ಜಿಸಿದರು. ನಲವತ್ತು ವರ್ಷದ ತಂಡ ಒಂದು ಹೇಳಿಕೆಯಲ್ಲಿ ಮುಗಿಯಿತು. ಗಿರಣಿಯವರನ್ನು ದೂರಲಾರೆ, ನಲವತ್ತು ವರ್ಷ ಅನ್ನ ಹಾಕಿದವರು ಅವರು. ಆದರೆ ಬೇಡವೆನ್ನುವ ಅಧಿಕಾರ ಅವರಿಗೊಬ್ಬರಿಗೇ ಇತ್ತು. ಫಗ್ವಾರದ ಜನಕ್ಕೆ ಬೇಕೆನ್ನುವ ಅಧಿಕಾರ ಇರಲಿಲ್ಲ. ನನ್ನ ವಾದವೆಲ್ಲ ಈ ಒಂದು ಮಾತಿನಲ್ಲಿದೆ.

ಇನ್ನೊಂದು ಬಗೆಯೂ ಉಂಟು: ಊರಿನ ಹೆಸರನ್ನು ಮಾತ್ರ ಎರವಲು ಪಡೆಯುವುದು. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನ ಕ್ರಿಕೆಟ್ಟಿನಲ್ಲಿ ಬಳ್ಳಾರಿ, ಬಿಜಾಪುರ, ಬೆಳಗಾವಿ, ಶಿವಮೊಗ್ಗ ಎಂದೆಲ್ಲ ತಂಡಗಳಿದ್ದವು. ಪಂದ್ಯಗಳು ಮುಖ್ಯವಾಗಿ ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. 2019ರಲ್ಲಿ ಜೂಜು ಮತ್ತು ಪಂದ್ಯದ ಮೋಸದಾಟದ ಆಪಾದನೆಗಳ ಮೇಲೆ ತಂಡದ ಒಡೆಯರೂ ಆಟಗಾರರೂ ಬಂಧಿತರಾದರು, ಲೀಗು ನಿಂತಿತು. ಆಗ ಆ ಊರುಗಳಲ್ಲಿ ತಮ್ಮ ತಂಡ ಹೋಯಿತೆಂದು ಯಾರೂ ಬೀದಿಗೆ ಬಂದದ್ದನ್ನು ಕೇಳಲಿಲ್ಲ. ಬರುವುದಾದರೂ ಏಕೆ? ಊರಿನ ಮಣ್ಣು ಮೆಟ್ಟದ ತಂಡ ಊರಿನ ತಂಡವಾಗುವುದು ಹೇಗೆ? ನಾಳೆ ಯಾರಾದರೂ ಧನಿಕರು 'ಹಾಸನ ಎಫ್.ಸಿ.' ಎಂದು ಫಲಕ ಹಾಕಿದರೆ ನಾವು ಹಿಗ್ಗುವುದಕ್ಕೆ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಹಾಗಾದರೆ ಸಣ್ಣ ಊರಿನ ತಂಡ ಉಳಿದದ್ದೇ ಇಲ್ಲವೆ? ಉಂಟು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಗ್ರೀನ್ ಬೇ ಎಂಬ ಊರು. ಜನಸಂಖ್ಯೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು; ನಮ್ಮ ಹಾಸನಕ್ಕಿಂತ ದೊಡ್ಡದೇನಲ್ಲ. ಅಲ್ಲಿ 1919ರಿಂದ ಪ್ಯಾಕರ್ಸ್ ಎಂಬ ತಂಡವಿದೆ. ಅವರ ಫುಟ್‌ಬಾಲ್ ಬೇರೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ. ಆಟ ಬೇರೆಯಾದರೂ ಲೆಕ್ಕ ಒಂದೇ. ನ್ಯೂಯಾರ್ಕ್, ಷಿಕಾಗೊ ತಂಡಗಳ ಜೊತೆ ಒಂದೇ ಲೀಗಿನಲ್ಲಿ ಈ ಸಣ್ಣ ಊರು ನೂರು ವರ್ಷದಿಂದ ನಿಂತಿದೆ. ಕಾರಣಗಳು ಎರಡು. ಮೊದಲನೆಯದು, ತಂಡಕ್ಕೆ ಒಬ್ಬ ಒಡೆಯನಿಲ್ಲ. 1923ರಿಂದ ಕಷ್ಟ ಬಂದಾಗಲೆಲ್ಲ ಜನಕ್ಕೆ ಷೇರು ಮಾರಿದ್ದಾರೆ. ಈಗ ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಆ ಷೇರಿಗೆ ಲಾಭಾಂಶವಿಲ್ಲ, ಲಾಭಕ್ಕೆ ಮಾರುವಂತೆಯೂ ಇಲ್ಲ. ತಂಡವನ್ನು ಹೊತ್ತುಕೊಂಡು ದೊಡ್ಡ ಊರಿಗೆ ಓಡಿಹೋಗಲು ಯಾರಿಗೂ ಅಧಿಕಾರವಿಲ್ಲ. ಎರಡನೆಯದನ್ನು ಮರೆಮಾಚಬಾರದು: ಆ ಲೀಗಿನವರು ದೂರದರ್ಶನದಿಂದ ಬರುವ ರಾಷ್ಟ್ರೀಯ ಹಣವನ್ನು 1960ರ ದಶಕದಿಂದ ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತಾರೆ. ಜನರ ಪ್ರೀತಿ ಒಂದರಿಂದಲೇ ಗ್ರೀನ್ ಬೇ ಉಳಿಯಿತೆಂದರೆ ಅರ್ಧ ಸುಳ್ಳಾದೀತು. ಊರಿನೊಳಗೆ ಒಡೆತನದ ಹಂಚಿಕೆ, ಊರುಗಳ ನಡುವೆ ಆದಾಯದ ಹಂಚಿಕೆ. ಈ ಎರಡೂ ಸೇರಿದ್ದರಿಂದ ಉಳಿಯಿತು.

ಇದನ್ನು ಓದುತ್ತಿದ್ದಾಗ ಎಲ್ಲೋ ಕೇಳಿದ ವಿಷಯವೆನ್ನಿಸಿತು. ಆಮೇಲೆ ಹೊಳೆಯಿತು: ಇದು ನಮ್ಮ ಊರಿನ ಡೈರಿ! ಬೆಳಿಗ್ಗೆ ಅವ್ವ ಹಾಲು ಕ್ಯಾನು ಹಿಡಿದು ಹೋಗಿ ನಿಲ್ಲುವ ಸಾಲು. ಎರಡು ಲೀಟರು ಹಾಕುವವಳೂ ಇಪ್ಪತ್ತು ಲೀಟರು ಹಾಕುವ ಜಮೀನುದಾರನೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಫ್ಯಾಟು, ಡಿಗ್ರಿ ಸರಿಯಿದ್ದರೆ ಇಬ್ಬರಿಗೂ ಅದೇ ದರ. ಸಭೆಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು. ಸಣ್ಣ ಹಳ್ಳಿಯ ಹಾಲೂ ದೊಡ್ಡ ಹಳ್ಳಿಯ ಹಾಲೂ ಹಾಸನದ ಹಾಲು ಒಕ್ಕೂಟಕ್ಕೆ ಸೇರುತ್ತವೆ. 1970ರ ದಶಕದಲ್ಲಿ ಹುಟ್ಟಿದ ಆ ಒಕ್ಕೂಟ ಇಂದು ಹಾಸನವಲ್ಲದೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಹಾಲನ್ನೂ ಕೊಳ್ಳುತ್ತದೆ. ಅದೇ ನನ್ನ ಗೆಳೆಯನ ತಂದೆ ಬೆಳೆದ ಹೊಗೆಸೊಪ್ಪನ್ನು ರಾಮನಾಥಪುರದ ಹರಾಜು ಕಟ್ಟೆಗೆ ಒಯ್ದರೆ, ಬೆಲೆ ಕೂಗುವವರು ಕೆಲವೇ ಕಂಪನಿಗಳ ಕಡೆಯವರು. ಅವರು ಈ ದಿನ ಕೊಳ್ಳಲಿಲ್ಲವೆಂದರೆ ಬೇಲು ಮತ್ತೆ ಮನೆಗೆ. ಹೊಗೆಸೊಪ್ಪಿನವರ ಮಗ ಕಾಲ್ಚೆಂಡಿನಲ್ಲೂ ಹರಾಜು ಕಟ್ಟೆಯನ್ನೇ ಕಂಡದ್ದು ವಿಧಿಯ ಅಣಕವೆಂದೇ ಹೇಳಬೇಕು.

ಗೆಳೆಯನ ಕಥೆಯನ್ನು ಅವ್ವನಿಗೆ ಹೇಳಿದೆ. ಅವಳು ಅಕ್ಷರ ಕಲಿತವಳಲ್ಲ. ಹಸುವಿನ ಮುಂದೆ ಹುಲ್ಲು ಹಾಕುತ್ತ ಅಂದಳು: "ಡೈರಿಲಿ ಬಟವಾಡೆ ತಡ ಆದ್ರೆ ಊರೇ ಹೋಗಿ ಬಾಗ್ಲಲ್ಲಿ ನಿಂತ್ಕತದೆ. ಆ ಹುಡ್ಗ ಹೋಗಿ ನಿಂತ್ಕಳಾಕೆ ಬಾಗ್ಲು ಎಲ್ಲೈತೆ?" ಮೂರು ವರ್ಷದ ಅರ್ಥಶಾಸ್ತ್ರ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಉಪನ್ಯಾಸಕರು ಕ್ಷಮಿಸಬೇಕು.

ಆದ್ದರಿಂದ ನನ್ನ ಸಲಹೆ ಇದು. ಹಾಸನ ಜಿಲ್ಲೆಗೆ ಎಂದಾದರೂ ಸಂಬಳದ ಕಾಲ್ಚೆಂಡು ತಂಡ ಬರುವುದಾದರೆ ಅದು ಹಾಲಿನ ಸಂಘದ ಹಾಗೆ ಬರಲಿ. ಲೆಕ್ಕ ಹಾಕಿ ನೋಡಿದ್ದೇನೆ. ಇದು ನನ್ನ ಅಂದಾಜೇ ಹೊರತು ಯಾರ ವರದಿಯೂ ಅಲ್ಲ. ಹದಿನೆಂಟು ಆಟಗಾರರು, ತಲೆಗೆ ತಿಂಗಳಿಗೆ 15,000 ರೂಪಾಯಿ, ಹತ್ತು ತಿಂಗಳು: 27 ಲಕ್ಷ. ತರಬೇತುದಾರ, ಪ್ರಯಾಣ, ಊಟ, ಬೂಟು, ವೈದ್ಯರ ಖರ್ಚು, ಮೈದಾನ ಎಲ್ಲಕ್ಕೂ 13 ಲಕ್ಷ. ಒಟ್ಟು 40 ಲಕ್ಷ. ವರ್ಷಕ್ಕೆ 500 ರೂಪಾಯಿ ಕೊಡುವ 8,000 ಸದಸ್ಯರಿದ್ದರೆ ಇಷ್ಟೂ ಹಣ ಬಂತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಹದಿನೇಳೂಮುಕ್ಕಾಲು ಲಕ್ಷ. ಸಾವಿರಕ್ಕೆ ಐದು ಜನ ಒಪ್ಪಿದರೆ ಸಾಕು. ಟಿಕೆಟ್ಟಿನ ಹಣ, ಅಂಗಡಿಯವರ ಜಾಹೀರಾತು ಬಂದರೆ ಅದು ಮೇಲಿನ ಗಳಿಕೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಸಹಕಾರದ ತತ್ತ್ವ. 1905ರಲ್ಲೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ನಮಗೆ ಇದು ಹೊಸ ವಿದ್ಯೆಯಲ್ಲ.

ಜೊತೆಗೆ ಮೂರು ಕಟ್ಟುಪಾಡುಗಳಿರಬೇಕು. ಒಂದು, ಮೂರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತ ಮೇಲೆಯೇ ಮೊದಲ ಪಂದ್ಯ. ಎರಡು, ಯಾವ ಒಬ್ಬ ದಾನಿಯಿಂದಲೂ ಖರ್ಚಿನ ಕಾಲು ಪಾಲಿಗಿಂತ ಹೆಚ್ಚು ತೆಗೆದುಕೊಳ್ಳಕೂಡದು. ಅವನು ಹೋದ ದಿನ ತಂಡ ಕುಂಟಬಹುದು, ಬೀಳಬಾರದು. ಮೂರು, ತಿಂಗಳ ಜಮಾಖರ್ಚನ್ನು ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಹಚ್ಚಬೇಕು.

ಇದಕ್ಕೆ ಆಕ್ಷೇಪಣೆಗಳಿವೆ. ನಮ್ಮ ಉಪನ್ಯಾಸಕರೊಬ್ಬರು ಕೇಳಿದರು: "ಸಹಕಾರ ಸಂಘಗಳಲ್ಲಿ ರಾಜಕೀಯ ನುಗ್ಗುವುದಿಲ್ಲವೇನಯ್ಯ? ನಾಳೆ ಸೆಂಟರ್ ಫಾರ್ವರ್ಡ್ ಯಾರೆಂದು ಡೈರೆಕ್ಟರುಗಳು ತೀರ್ಮಾನಿಸಿದರೆ?" ನುಗ್ಗುತ್ತದೆ, ನಿಜ, ನಮ್ಮ ಜಿಲ್ಲೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ! ತಂಡದ ಆಯ್ಕೆ ತರಬೇತುದಾರನ ಕೈಯಲ್ಲೇ ಇರತಕ್ಕದ್ದೆಂದು ನಿಯಮದಲ್ಲಿ ಬರೆಯಬಹುದು. ಬರೆದದ್ದನ್ನು ಮೀರುವವರೂ ಇರುತ್ತಾರೆ. ಆದರೂ ಐದು ವರ್ಷಕ್ಕೊಮ್ಮೆಯಾದರೂ ಡೈರೆಕ್ಟರನನ್ನು ಓಟು ಹಾಕಿ ಕಳಿಸಬಹುದು. ಒಡೆಯನನ್ನು ಕಳಿಸುವುದು ಹೇಗೆ? ಎರಡನೆಯ ಆಕ್ಷೇಪಣೆ ಇನ್ನೂ ತೂಕದ್ದು: ಕ್ರಿಕೆಟ್ಟಿನ ಹುಚ್ಚು ಹಿಡಿದ ಈ ಸೀಮೆಯಲ್ಲಿ ಕಾಲ್ಚೆಂಡಿಗೆ ಎಂಟು ಸಾವಿರ ಜನ ಎಲ್ಲಿಂದ ಬರಬೇಕು? ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ ಐನೂರು ರೂಪಾಯಿ ದೊಡ್ಡ ಮೊತ್ತವೇ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಪರೀಕ್ಷೆ ಮಾಡಿ ನೋಡುವುದೊಂದೇ ದಾರಿ.

ಪರೀಕ್ಷೆಗೆ ಹೆಚ್ಚು ಖರ್ಚು ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ನಾಲ್ಕು ಊರು, ನಾಲ್ಕು ತಂಡ. ಒಬ್ಬರ ಊರಿಗೆ ಒಬ್ಬರು ಹೋಗಿಬಂದು ಆಡಿದರೆ ಹನ್ನೆರಡು ಪಂದ್ಯ. ಹಾಸನದಿಂದ ಮೂರು ಊರಿಗೂ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮೊದಲ ಎರಡು ವರ್ಷ ಸಂಬಳದ ಆಸೆ ತೋರಿಸುವುದು ಬೇಡ. ಬಸ್ ಚಾರ್ಜು, ಊಟ, ಪೆಟ್ಟಾದರೆ ಔಷಧಿ, ಇಷ್ಟನ್ನು ತಪ್ಪದೆ ಕೊಡೋಣ. ನಾಲ್ಕೂ ಊರಿನ ಟಿಕೆಟ್ಟಿನ ಹಣ ಒಂದೇ ಡಬ್ಬಿಗೆ ಬೀಳಲಿ, ಸಮನಾಗಿ ಹಂಚಿಹೋಗಲಿ. ಹಾಸನದ ಗೇಟು ದೊಡ್ಡದೆಂದು ಅರಕಲಗೂಡಿನ ಹುಡುಗ ಹಸಿದಿರಬಾರದು. ಜನ ಬಂದರೆ ಮುಂದಿನ ಮೆಟ್ಟಿಲು ಹತ್ತೋಣ. ನೆರೆಯ ಜಿಲ್ಲೆಯ ಹೆಸರು ಹೊತ್ತ ಕೊಡಗು ಎಫ್.ಸಿ. ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಆಡಿದೆ, ದಾರಿ ಮುಚ್ಚಿಲ್ಲ. ಜನ ಬರದಿದ್ದರೆ ಸಂಬಳದ ತಂಡ ಕಟ್ಟಕೂಡದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಕಾಲಿನಿಂದ ಆಡುವ ಆಟಕ್ಕೆ ಇನ್ನೂ ಹೆಚ್ಚು ಒಪ್ಪುತ್ತದೆ. ತಂಡವಿಲ್ಲದ ಊರಿಗೆ ಅವಮಾನವೇನಿಲ್ಲ. ಹುಡುಗರನ್ನು ಕರೆದು ಆಡಿಸಿ ಸಂಬಳ ಕೊಡದ ಊರಿಗೆ ಅವಮಾನವುಂಟು.

ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಜನ ವರ್ಷವೆಲ್ಲ ಕಾದು, ಮೈಲುದ್ದ ಸಾಲು ನಿಂತು ದರ್ಶನ ಮಾಡುತ್ತಾರೆ. ದೇವಿಯ ಬಾಗಿಲಿಗೆ ಅದು ಸರಿ. ಸಂಬಳದ ಬಾಗಿಲು ಮಾತ್ರ ತಿಂಗಳು ತಿಂಗಳೂ ತೆರೆಯಬೇಕು. ತೆರೆಯದಿದ್ದರೆ ಹೋಗಿ ತಟ್ಟುವುದಕ್ಕೆ ಊರಿನೊಳಗೇ ಆ ಬಾಗಿಲು ಇರಬೇಕು.

ಮುಂದಿನ ವಾರ ಹೊಳೆನರಸೀಪುರಕ್ಕೆ ಹೋಗುವವನಿದ್ದೇನೆ. ಗೊಬ್ಬರದ ಅಂಗಡಿಯ ಗೆಳೆಯನಿಗೆ ಹೇಳಬೇಕಾದ ಉತ್ತರ ಈಗ ನನ್ನ ಬಳಿಯಿದೆ: ಟೀಮು ಮುಳುಗಿದ್ದು ನೀನು ಗೋಲು ಬಿಟ್ಟದ್ದಕ್ಕಲ್ಲ. ನೀನು ಕಾಯುತ್ತಿದ್ದ ಗೋಲು ಯಾರದೆಂದು ನಿನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಅವ್ವನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ನಾಲ್ಕು ಊರಿನ ಆಟ ಎಂದಾದರೂ ನಡೆದರೆ ಅವಳನ್ನು ಚನ್ನರಾಯಪಟ್ಟಣದ ಮೈದಾನಕ್ಕೆ ಕರೆದುಕೊಂಡು ಹೋಗಿ ಕೂರಿಸಿ, ಅವಳಿಂದಲೇ ಉತ್ತರ ಕೇಳಬೇಕೆಂದಿದ್ದೇನೆ.